ಎತ್ತಿನ ಗಾಡಿಯಲ್ಲಿ ಕಾಲೇಜಿಗೆ ಬಂದ ಪಂಪ್‌ಸೆಟ್ಟು

ಮಂಡ್ಯದ ನಮ್ಮ ಪಾಲಿಟೆಕ್ನಿಕ್ಕಿನಲ್ಲಿ ಏನಾದರೊಂದು ನಗೆಪಾಟಲು ಆಗದೆ ಒಂದು ವಾರವೂ ಕಳೀತಿರಲಿಲ್ಲ. ಎಪ್ಪತ್ತರ ದಶಕದ ಮಾತು. ಬೆಳಿಗ್ಗೆ ಗದ್ದೆಗೆ ನೀರು ಕಟ್ಟಿ, ಕಾಲು ತೊಳ್ಕೊಂಡು ಬಸ್ಸು ಹತ್ತಿ ಬರೋ ಹುಡುಗರಿಗೆ ಮೆಕ್ಯಾನಿಕಲ್ ಡಿಪ್ಲೊಮಾ ಕಲಿಸೋಕೆ ಹೊರಟರೆ ಇನ್ನೇನಾಗುತ್ತೆ ಹೇಳಿ.

ನಾನು ಕೆರಗೋಡಿನ ಕಡೆಯವನು. ಕಾಲೇಜಿಗೆ ಸೇರಿಸುವಾಗಲೇ ಅಪ್ಪ ಒಂದು ಷರತ್ತು ಹಾಕಿದ್ದ. ಫೇಲಾದ ದಿನವೇ ಪುಸ್ತಕ ಅಟ್ಟಕ್ಕೆ ಹಾಕಿ ಕಬ್ಬಿನ ಗದ್ದೆಗೆ ಇಳೀಬೇಕು. ಕಬ್ಬಿನ ಸೋಗೆ ಮೈ ಕುಯ್ಯೋದು ಹೇಗಿರುತ್ತೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಮೂರು ವರ್ಷವೂ ನನಗಿದ್ದ ಗುರಿ ಇಂಜಿನಿಯರ್ ಆಗೋದಲ್ಲ, ಗದ್ದೆ ತಪ್ಪಿಸಿಕೊಳ್ಳೋದು.

ಕುಲುಮೆ

ಮೊದಲನೇ ವರ್ಷ ಕುಲುಮೆ ಕ್ಲಾಸು. ದುಂಡನೆ ಕಬ್ಬಿಣದ ಸರಳು ಕೊಡ್ತಿದ್ದರು. ಅದನ್ನ ಕಾಯಿಸಿ, ಬಡಿದು, ಚೌಕ ಮಾಡಿ ಒಪ್ಪಿಸಬೇಕು. ಮಳವಳ್ಳಿ ಕಡೆಯ ನನ್ನ ಗೆಳೆಯನೊಬ್ಬನಿಗೆ, ಇದನ್ನ ಚೌಕ ಮಾಡಿ ಯಾರಿಗೇನು ಉಪಯೋಗ ಅನ್ನಿಸಿತಂತೆ. ಬಡಿದೂ ಬಡಿದೂ ಕುಡುಗೋಲು ಮಾಡಿಬಿಟ್ಟ. ಹಲ್ಲು ಬೇರೆ ಹಾಕಿದ್ದ.

ಇನ್‌ಸ್ಟ್ರಕ್ಟರು ಅದನ್ನ ಎಲ್ಲರ ಮುಂದೆ ಎತ್ತಿ ಹಿಡಿದು ಕಾಲು ಗಂಟೆ ಉಗಿದರು. ಇದನ್ನೇನು ಸಂತೆ ಅಂದ್ಕೊಂಡಿದ್ದೀಯಾ ಅಂದರು. ಪುಸ್ತಕದಲ್ಲಿ ಸೊನ್ನೆ ಬರೆದರು. ಕ್ಲಾಸು ಬಿಟ್ಟ ಮೇಲೆ ಅವನೊಬ್ಬನನ್ನೇ ನಿಲ್ಲಿಸಿಕೊಂಡರು. ಇವನ ಕಥೆ ಮುಗೀತು ಅಂತ ನಾವೆಲ್ಲ ಬಾಗಿಲ ಸಂದಿಗೆ ಕಿವಿ ಕೊಟ್ಟರೆ, ಒಳಗೆ ಮೆಲ್ಲಗೆ ಕೇಳ್ತಾ ಇದ್ದಾರೆ: "ಈಳಿಗೆ ಮಣೆ ಮಾಡೋಕೆ ಬರುತ್ತೇನಯ್ಯಾ? ಮನೇಲಿ ಒಂದು ತಿಂಗಳಿಂದ ಪ್ರಾಣ ತಿಂತಿದ್ದಾಳೆ."

ಸಂಡಿಗೆ

ಎರಡನೇ ವರ್ಷ ಡ್ರಾಯಿಂಗು ನನ್ನ ಕುತ್ತಿಗೆಗೆ ಬಂತು. ಒಂದು ಹಾಳೆ ಬರೆದು ಮುಗಿಸೋಣ ಅಂತ ಭಾನುವಾರ ಬೋರ್ಡು ಹೊತ್ತುಕೊಂಡು ಊರಿಗೆ ಹೋದೆ. ಅಷ್ಟು ಅಗಲದ ನುಣ್ಣನೆ ಹಲಗೆಯನ್ನ ಅಮ್ಮ ಹುಟ್ಟಿದಾಗಿನಿಂದ ನೋಡಿರಲಿಲ್ಲ. ನಾನು ಈಜೋಕೆ ಹೋಗಿ ಬರೋದರೊಳಗೆ ಅದರ ತುಂಬ ಸಾಲಾಗಿ ಸಂಡಿಗೆ ಇಟ್ಟು ಬಿಸಿಲಿಗೆ ಒಡ್ಡಿದ್ದಳು.

ಸೋಮವಾರ ಬೆಳಿಗ್ಗೆ ಬಸ್ಸಿನ ಅವಸರ. ಕೈಗೆ ಬಂದಷ್ಟು ಕೆರೆದೆ, ಉಳಿದಿದ್ದರ ಮೇಲೇ ಹಾಳೆ ಅಂಟಿಸಿಕೊಂಡು ಕ್ಲಾಸಿಗೆ ಹೋದೆ. ಗೆರೆ ಎಳೆದರೆ ಪೆನ್ಸಿಲು ನಮ್ಮೂರ ರಸ್ತೆಯಲ್ಲಿ ಬಸ್ಸು ಕುಪ್ಪಳಿಸಿದ ಹಾಗೆ ಕುಪ್ಪಳಿಸುತ್ತೆ. ಮೇಷ್ಟ್ರು ಬಂದು ಹಾಳೆ ಎತ್ತಿ ನೋಡಿದರು. ಒಂದು ಸಂಡಿಗೆ ಕಿತ್ತು ಮೂಸಿದರು. ಜೀರಿಗೆ ಹಾಕಿದ್ದಾರಾ ಅಂತ ಕೇಳಿದರು. ಹೂಂ ಸಾರ್ ಅಂದೆ.

"ಕರಿದು ತಂದಿದ್ದರೆ ಪಾಸು ಮಾಡಬಹುದಿತ್ತು" ಅಂದರು.

ಅವರು ತಮಾಷೆಗೆ ಅಂದರೋ ನಿಜವಾಗಿ ಅಂದರೋ, ನನಗಂತೂ ಗದ್ದೆಯ ಭಯ. ಮುಂದಿನ ಸೋಮವಾರ ಒಂದು ಡಬ್ಬದ ತುಂಬ ಕರಿದ ಸಂಡಿಗೆ ಒಯ್ದೆ. ಪಾಸಾದೆ. ಡ್ರಾಯಿಂಗು ಇವತ್ತಿಗೂ ಬರಲ್ಲ.

ಗಂಗಮ್ಮ

ಕೊನೇ ವರ್ಷ ಪಂಪುಗಳ ಮೇಲೆಯೇ ಒಂದು ವಿಷಯ ಇತ್ತು. ಅದರ ಮೌಖಿಕ ಪರೀಕ್ಷೆಗೆ ಹೊರಗಿನಿಂದ ಒಬ್ಬರು ಬಂದಿದ್ದರು. ಪಂಪು ಚಾಲೂ ಮಾಡೋ ಮುಂಚೆ ಅದರೊಳಗೆ ನೀರು ತುಂಬಿಸೋದು ಯಾಕೆ ಅಂತ ಕೇಳಿದರು. ಸಲೀಸು ಪ್ರಶ್ನೆ. ಒಳಗೆ ಗಾಳಿ ಇದ್ದರೆ ಪಂಪು ನೀರೆಳೆಯಲ್ಲ, ಅಷ್ಟೇ. ಆದರೆ ಆ ಪಾಠ ಆದ ದಿನ ನಾನು ಮ್ಯಾಟಿನಿಯಲ್ಲಿದ್ದೆ.

ನನಗೆ ಗೊತ್ತಿದ್ದದ್ದು ನಮ್ಮ ಬಾವಿಯ ಪದ್ಧತಿ. ಅಪ್ಪ ದಿನಾ ಪಂಪಿಗೆ ಒಂದು ಬಿಂದಿಗೆ ನೀರು ಹುಯ್ದು, ಕುಂಕುಮ ಇಟ್ಟು, ಕೈ ಮುಗಿದು, ಆಮೇಲೆ ಸ್ವಿಚ್ಚು ಒತ್ತುತ್ತಿದ್ದ. ನಾನು ಧೈರ್ಯವಾಗಿ ಹೇಳಿದೆ, "ಮೊದಲು ಗಂಗಮ್ಮನಿಗೆ ಕೊಡಬೇಕು ಸಾರ್. ಕೊಡದಿದ್ದರೆ ಅವಳು ಬರಲ್ಲ."

ಪರೀಕ್ಷಕರು ಕನ್ನಡಕ ತೆಗೆದು ಒರೆಸಿಕೊಂಡರು. ಕುಂಕುಮ ಎಲ್ಲಿಗೆ ಇಡಬೇಕು ಅಂತ ಕೇಳಿದರು. ಪಾಪ, ಆಸಕ್ತಿಯಿಂದ ಕೇಳ್ತಿದ್ದಾರೆ ಅಂತ ಅದನ್ನೂ ತೋರಿಸಿದೆ. ಫೇಲು.

ಊರಿಗೆ ಹೋಗಿ ಅಪ್ಪನಿಗೆ ನಡೆದದ್ದು ನಡೆದ ಹಾಗೆ ಹೇಳಿದೆ. ಅವನು ಬೀಡಿ ಆರಿಸಿ ಯೋಚನೆ ಮಾಡಿದ.

"ಸರ್ಯಾಗೇ ಏಳಿದ್ದೀಯಲ್ಲ, ಮತ್ಯಾಕ್ಲಾ ಫೇಲು?"

ಪಂಪ್‌ಸೆಟ್ಟು

ಆದರೂ ಷರತ್ತು ಷರತ್ತೇ. ಅಪ್ಪ ಮೂಲೆಯಲ್ಲಿದ್ದ ಗುದ್ದಲಿ ತೋರಿಸಿದ. ಇನ್ನೊಂದು ಸಲ ಪರೀಕ್ಷೆ ಕಟ್ಟೋಕೆ ಬಿಡು, ನಮ್ಮ ಮೇಷ್ಟ್ರುಗಳು ಭಾರಿ ತಿಳಿದವರು, ಹೇಳಿಸಿಕೊಳ್ತೀನಿ ಅಂತ ಗೋಗರೆದೆ. ಅಪ್ಪ ಆಗಲಿ ಅನ್ನಲಿಲ್ಲ, ಇಲ್ಲ ಅನ್ನಲೂ ಇಲ್ಲ. ನೋಡಾನ ಬುಡು ಅಂದ.

ಮೇಷ್ಟ್ರುಗಳನ್ನ ಕಾಣೋಕೆ ನಾನು ಕಾಲೇಜಿಗೆ ವಾಪಸು ಬಂದ ಎರಡು ದಿನಕ್ಕೆ ಗೇಟಿನೊಳಗೆ ಒಂದು ಎತ್ತಿನ ಗಾಡಿ ಬಂತು. ಕಬ್ಬಿನ ಗಾಡಿ ದಾರಿ ತಪ್ಪಿ ಬಂದಿದೆ, ಕಾರ್ಖಾನೆ ಆ ಕಡೆ ಕಣಪ್ಪಾ ಅಂತ ಹುಡುಗರೆಲ್ಲ ಕೂಗಿದರು. ನೋಡಿದರೆ ನಮ್ಮ ಎತ್ತು, ನಮ್ಮಪ್ಪ. ಗಾಡಿಯಲ್ಲಿ ಹುಲ್ಲಿನ ಮೇಲೆ ನಮ್ಮ ಬಾವಿಯ ಪಂಪ್‌ಸೆಟ್ಟು. ಕುಂಕುಮ ಇನ್ನೂ ಹಾಗೇ ಇತ್ತು.

ಅಪ್ಪ ಮೇಷ್ಟ್ರುಗಳಿಗೆ ಕೈ ಮುಗಿದು, "ಇದುಕ್ಕೇನಾಗದೆ ವಸಿ ನೋಡೇಳಿ ಬುದ್ಧಿ" ಅಂದ.

ಅವತ್ತು ಕರೆಂಟಿರಲಿಲ್ಲ. ಓಡಿಸಿ ನೋಡೋ ಹಾಗಿಲ್ಲ. ಆದರೂ ತಿಳಿದವರು ಸುಮ್ಮನಿರೋಕಾಗುತ್ತಾ? ಮೆಕ್ಯಾನಿಕಲ್ ಮೇಷ್ಟ್ರು ಕೈಯಲ್ಲಿ ಶಾಫ್ಟು ತಿರುಗಿಸಿ, ಕಿವಿ ಕೊಟ್ಟು ಕೇಳಿ, ಬೇರಿಂಗು ಹೋಗಿದೆ ಅಂದರು. ಎಲೆಕ್ಟ್ರಿಕಲ್ ಮೇಷ್ಟ್ರು ನಕ್ಕುಬಿಟ್ಟು, ಬೇರಿಂಗಲ್ಲ, ವೈಂಡಿಂಗು ಸುಟ್ಟಿದೆ, ವಾಸನೆ ಇಲ್ಲಿಗೇ ಬರ್ತಿದೆ ಅಂದರು. ಕುಲುಮೆಯ ಇನ್‌ಸ್ಟ್ರಕ್ಟರು ಒಂದು ಕಣ್ಣು ಮುಚ್ಚಿ ನೋಡಿ ಶಾಫ್ಟೇ ಬಾಗಿದೆ ಅಂದರು. ಮೂವರಿಗೂ ಜಗಳ ಹತ್ತಿತು. ಆ ಗಲಾಟೆಗೆ ಪ್ರಿನ್ಸಿಪಾಲರು ಹೊರಗೆ ಬಂದು, ಪಂಪನ್ನ ಬೂಟಿನ ತುದಿಯಲ್ಲಿ ತಟ್ಟಿ, ಇದರ ಆಯಸ್ಸು ಮುಗೀತು ಗೌಡ್ರೇ, ಹೊಸದು ತಗೊಳ್ಳಿ ಅಂದರು. ಅಪ್ಪ ಎಲ್ಲರಿಗೂ ಹೂಂಗುಟ್ಟಿದ.

ಆಮೇಲೆ ಪ್ರಿನ್ಸಿಪಾಲರ ಕಣ್ಣು ನನ್ನ ಮೇಲೆ ಬಿತ್ತು. ನೀನು ಹೇಳಯ್ಯಾ, ಏನಾಗಿದೆ ಅಂದರು. ಸುತ್ತ ಇಡೀ ಕಾಲೇಜು, ಎದುರಿಗೆ ಅಪ್ಪ. ಈಗ ತಪ್ಪಿದರೆ ಇದೇ ಗಾಡಿಯಲ್ಲಿ ಪಂಪಿನ ಪಕ್ಕ ಕೂತು ಊರಿಗೆ. ಶಾಫ್ಟು ತಿರುಗಿಸಿದೆ, ಮೂಸಿದೆ, ಒಂದು ಕಣ್ಣು ಮುಚ್ಚಿಯೂ ನೋಡಿದೆ. ನನ್ನ ತಲೆಗೆ ಒಂದೂ ಹೊಳೀಲಿಲ್ಲ.

"ಎಲ್ಲಾ ಸರಿಯಾಗೇ ಇದೆ ಸಾರ್" ಅಂದೆ.

ಎಲ್ಲರೂ ಘೊಳ್ಳಂತ ನಕ್ಕರು. ಸರಿಯಾಗಿದ್ದರೆ ನಿಮ್ಮಪ್ಪ ಇಷ್ಟು ದೂರ ಯಾಕೋ ತರ್ತಿದ್ದರು, ಪೆದ್ದ, ಅಂದರು ಮೆಕ್ಯಾನಿಕಲ್ ಮೇಷ್ಟ್ರು. ಅಪ್ಪ ಒಬ್ಬನೇ ನಗಲಿಲ್ಲ. ಎತ್ತು ತಿರುಗಿಸಿಕೊಂಡು ಹೊರಟ.

ನಾನು ಗಾಡಿಯ ಹಿಂದೆ ತಲೆ ಬಗ್ಗಿಸಿಕೊಂಡು ನಡೆದೆ. ದೊಡ್ಡ ರಸ್ತೆಗೆ ಬಂದ ಮೇಲೆ ತಡೆಯೋಕಾಗದೆ ನಾನೇ, ಈಗ ಇದನ್ನ ಎಲ್ಲಿ ರಿಪೇರಿ ಮಾಡಿಸ್ತೀಯ ಅಂತ ಕೇಳಿದೆ.

"ರಿಪೇರಿ ಯಾಕ್ಲಾ? ನೆನ್ನೆ ಸಂದೆಗಂಟ ನೀರೆತ್ತಿ ಬಿಚ್ಕಂಬಂದಿವ್ನಿ. ಇದುಕ್ಕೇನೂ ಆಗಿಲ್ಲ. ನಿನ್ನ ಮೇಷ್ಟ್ರುಗಳು ಎಂಗವ್ರೆ ಅಂತ ನೋಡಾಕೆ ತಂದೆ."

ನಾನು ರಸ್ತೆ ಮಧ್ಯೆ ಬಾಯಿ ಬಿಟ್ಕೊಂಡು ನಿಂತೆ. ನನಗೆ ಏನೂ ಗೊತ್ತಿಲ್ಲದೆ ಹಾಗಂದೆ ಅಂತ ಹೇಳೋಣ ಅನ್ನಿಸಿತು, ನಾಲಿಗೆ ಕಚ್ಚಿಕೊಂಡೆ. ಅಪ್ಪ ನನ್ನ ಬೆನ್ನಿನ ಮೇಲೊಂದು ಗುದ್ದಿದ. ಅದರಲ್ಲಿದ್ದ ಪ್ರೀತಿ ನನಗೆ ಇವತ್ತಿಗೂ ನೋಯುತ್ತೆ.

"ಅಷ್ಟು ಜನದಾಗೆ ಸರ್ಯಾಗಿ ಏಳ್ದೋನು ನೀನೊಬ್ನೇ ಕಣ್ಲಾ. ನಿನ್ನ ಅವ್ರು ಎಂಗ್ಲಾ ಪಾಸು ಮಾಡಾರು? ಓಗು, ಇನ್ನೊಂದ್ ಸಲ ಕಟ್ಟು."