ಏಳನೆಯ ವೈರಿ

ತನಗಿರುವುದು ಸಾಲದು ಎಂಬುದು ಮನುಷ್ಯನಿಗೆ ತಾನಾಗಿ ತಿಳಿಯುವುದಿಲ್ಲ. ಹೆಂಡತಿಯ ತಮ್ಮ ಬಂದು ತಿಳಿಸಬೇಕು. ಸುರಪುರದ ರಂಗಂಪೇಟೆಯಲ್ಲಿ ಗೊಬ್ಬರದ ಅಂಗಡಿ ಇಟ್ಟುಕೊಂಡು, ಸೊಂಟಕ್ಕೆ ಆರು ಗುಂಡಿನ ರಿವಾಲ್ವರು ಸಿಕ್ಕಿಸಿಕೊಂಡು ನಾನು ಸುಖವಾಗಿದ್ದವನು. ಅದರಿಂದ ಇವತ್ತಿನವರೆಗೆ ಒಂದು ಕಾಗೆಯೂ ಸತ್ತಿಲ್ಲ. ಮಹಾನವಮಿಗೆ ಕುಂಕುಮ ಹಚ್ಚಿಸಿಕೊಳ್ಳುವುದು, ಮದುವೆ ಮನೆಗಳಲ್ಲಿ ನನ್ನ ಅಂಗಿ ಸ್ವಲ್ಪ ಮೇಲೆ ಸರಿದಾಗ ಮಂದಿಗೆ ಕಾಣಿಸುವುದು, ಇಲೆಕ್ಷನ್ ಬಂತೆಂದರೆ ಠಾಣೆಗೆ ಹೋಗಿ ಜಮಾ ಆಗುವುದು, ಇಷ್ಟೇ ಅದರ ನೌಕರಿ. ಪಂಚಾಯ್ತಿ, ವಿಧಾನಸಭೆ, ಲೋಕಸಭೆ ಅಂತ ನೋಡಿದರೆ ಅದು ನನ್ನ ಸೊಂಟಕ್ಕಿಂತ ಠಾಣೆಯ ಕಪಾಟಿನಲ್ಲೇ ಹೆಚ್ಚು ಸಂಸಾರ ಮಾಡಿದೆ. ವೋಟು ಹಾಕುವಷ್ಟು ಕಾಲ ಸರಕಾರ ನಮ್ಮ ಗಂಡಸ್ತನವನ್ನು ಬೀಗ ಹಾಕಿ ಇಟ್ಟುಕೊಂಡು, ಆಮೇಲೆ ಸಹಿ ಮಾಡಿಸಿಕೊಂಡು ವಾಪಸು ಕೊಡುತ್ತದೆ.

ಹೀಗಿರುವಾಗ ಶಹಾಪುರದಲ್ಲಿ ಗುತ್ತಿಗೆ ಕೆಲಸ ಮಾಡುವ ನನ್ನ ಹೆಂಡತಿಯ ತಮ್ಮ ಬಸವರಾಜ ಎಂಟು ಗುಂಡಿನದು ತಂದ. "ಮಾಮಾ, ಆರು ಮಂದಿಗಿ ಹೊಡದ್ರಿ ಅಂತ ತಿಳಕೋರಿ. ಏಳನೇದಾಂವ ಬಂದ್ರ ಏನು ಮಾಡ್ತೀರಿ?" ಅಂತ ಕೇಳಿದ. ಅವತ್ತಿನಿಂದ ಆ ಏಳನೆಯವನು ನನ್ನ ತಲೆಯಲ್ಲೇ ಬಿಡಾರ ಹೂಡಿದ. ಎಂಟರದು ದಪ್ಪ, ಭಾರ, ಪ್ಯಾಂಟು ಕೆಳಗೆ ಜಗ್ಗುತ್ತದೆ. ಆರರದು ಹಗುರ, ಕೂತರೆ ಪಕ್ಕೆಗೆ ಚುಚ್ಚುವುದಿಲ್ಲ. ಇದೆಲ್ಲ ನನಗೂ ಗೊತ್ತು. ಆದರೂ ಏಳನೆಯವನಿಗೆ ಏನು ಉತ್ತರ ಕೊಡೋಣ? ಹೆಂಡತಿಯ ಮುಂದೆ ಹೇಳಿಕೊಂಡೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲೇ ಇಲ್ಲ. "ಏಳು ಮಂದಿ ಕೂಡಿ ಬಂದು ಹೊಡಿಯೋವಂಥಾದ್ದು ನೀವೇನು ಕಡದು ಗುಡ್ಡಿ ಹಾಕೀರಿ?" ಅಂದಳು.

ಮಾತು ನಾಟಿತು, ಯಾಕೆಂದರೆ ನನಗೆ ಒಬ್ಬನೂ ವೈರಿಯಿಲ್ಲ. ಆದರೆ ಜೀವಭಯ ಇಲ್ಲದವನಿಗೆ ಲೈಸೆನ್ಸು ಯಾರು ಕೊಡುತ್ತಾರೆ? ಅದಕ್ಕೆ ನಮ್ಮ ಓಣಿಯಲ್ಲೊಂದು ಪದ್ಧತಿ ಇದೆ. ಪಕ್ಕದ ಅಂಗಡಿಯ ಮಲ್ಲಪ್ಪ ನನ್ನ ಚಡ್ಡಿ ದೋಸ್ತ. ನನ್ನ ಲೈಸೆನ್ಸಿನ ಅರ್ಜಿಯಲ್ಲಿ ವೈರಿ ಅಂತ ಅವನ ಹೆಸರು, ಅವನ ಅರ್ಜಿಯಲ್ಲಿ ನನ್ನದು. ವಿಚಾರಣೆಗೆಂದು ಯಾದಗಿರಿಗೆ ಇಬ್ಬರೂ ಒಂದೇ ಮೋಟಾರ್ ಸೈಕಲ್ಲಿನ ಮೇಲೆ ಹೋಗಿ, ಸಾಹೇಬರ ಮುಂದೆ ಒಬ್ಬರ ಮುಖ ಒಬ್ಬರು ನೋಡದೆ ನಿಂತು, ಬರುವಾಗ ಒಂದೇ ಪ್ಲೇಟಿನಲ್ಲಿ ಮಿರ್ಚಿ ಭಜಿ ತಿಂದು ಬಂದೆವು.

ಹೋದ ಇಲೆಕ್ಷನ್ನಿನ ಹೊತ್ತಿಗೆ ನನ್ನ ಮಗಳು ಸುಧಾಳನ್ನು ನೋಡಲು ಯಾದಗಿರಿಯಿಂದ ಬೀಗರಾಗುವವರು ಬಂದರು. ಹುಡುಗ ಶಾಲೆ ಮಾಸ್ತರ. ಅವನೂ ಸುಧಾಳೂ ಕೂಡಿ ಓದಿದವರು, ಅವರಿಬ್ಬರ ಒಪ್ಪಿಗೆ ಎಂದೋ ಆಗಿತ್ತು. ಹಿರಿಯರು ಹೂಂ ಅನ್ನುವುದಷ್ಟೇ ಬಾಕಿ. "ಅಪ್ಪಾ, ನೀ ಬರೇ ಸುಮ್ಮ ಕುಂತ್ರ ಸಾಕು," ಅಂತ ಮಗಳು ಕೈ ಹಿಡಿದು ಹೇಳಿದ್ದಳು. ಕೂರುತ್ತಿದ್ದೆ. ಆದರೆ ಬಸವರಾಜ ಬಂದಿದ್ದ. ಅವನ ಎಂಟು ಶಹಾಪುರದ ಠಾಣೆಯಲ್ಲಿ, ನನ್ನ ಆರು ಸುರಪುರದ ಠಾಣೆಯಲ್ಲಿ. ನನ್ನ ಸೊಂಟದ ತೊಗಲು ಚೀಲದಲ್ಲಿದ್ದದ್ದು ಎಲೆ ಅಡಿಕೆಯ ಚಂಚಿ. ಅಷ್ಟಾದರೂ ಅವನು ಬೀಗರ ಮುಂದೆ ಎಂಟರ ಹಿರಿಮೆಯ ಮಾತು ತೆಗೆದ. ನಾನೂ ಬಿಡಲಿಲ್ಲ. "ಮುಂದಿನ ವರ್ಷ ನಾನೂ ಎಂಟರದೇ ತೊಗೊಳ್ಳಾವ. ಈ ಕಾಲದಾಗ ಆರು ಎಲ್ಲಿ ಸಾಲ್ತಾವ?" ಅಂದೆ.

ಹುಡುಗನ ತಾಯಿ ಚುರುಮುರಿ ಒಗ್ಗರಣಿಯ ತಾಟು ಕೆಳಗಿಟ್ಟರು. "ಆರು ಗುಂಡು ಸಾಲದಷ್ಟು ವೈರಿಗಳಿರೋ ಮನಿಗಿ ನಮ್ಮ ಹುಡುಗನ್ನ ಹೆಂಗ ಕಳಸಲಿರಿ? ದೀಪಾವಳಿಗಿ ಬಂದಾಂವ ತಿರುಗಿ ಮನಿಗಿ ಬರಬೇಕಲ್ಲ," ಅಂದರು. ಬಾಗಿಲ ಮರೆಯಲ್ಲಿ ಸುಧಾಳ ಮುಖ ಬಾಡಿಹೋಯಿತು. ವೈರಿಗಳು ಇದ್ದಾರೆ ಅಂದರೆ ಸಂಬಂಧ ಮುರಿಯುತ್ತದೆ, ಇಲ್ಲ ಅಂದರೆ ಲೈಸೆನ್ಸು ಸುಳ್ಳಾಗುತ್ತದೆ. ಮಗಳ ಬಾಳಿಗಿಂತ ಮಾನ ದೊಡ್ಡದೇನಲ್ಲ ಅಂತ ಗೊತ್ತಿತ್ತು. ಆದರೂ ನಾನು ಮಾಡಿದ್ದು ಅಂಗಿ ಕೆಳಗೆಳೆದು ಸೊಂಟದ ಚೀಲ ಮುಚ್ಚಿಕೊಂಡದ್ದಷ್ಟೇ.

ಹೆಂಡತಿಯೇ ಬಾಯಿ ಬಿಟ್ಟಳು. "ಇವರಿಗಿ ಇರೋ ವೈರಿ ಒಬ್ಬನೇ ರೀ ಯಕ್ಕಾ, ಅದೂ ಲೈಸೆನ್ಸಿನ ಅರ್ಜಿದಾಗ ಅಷ್ಟೇ. ಅಗಾ, ನಿಮಗ ಚಹಾ ಕೊಡಾಕತ್ತಾನಲ್ಲ, ಆಂವನೇ."

ಮುಂಜಾನೆಯಿಂದ ನಮ್ಮ ಮನೆಯಲ್ಲಿ ದುಡಿಯುತ್ತಿದ್ದ ಮಲ್ಲಪ್ಪ ಟ್ರೇ ಹಿಡಿದು ಬಗ್ಗಿ ನಿಂತಿದ್ದ. "ಹೌದ್ರಿ, ನಾನೇ," ಅಂದ. "ಸಕ್ಕರಿ ಬರೋಬರಿ ಅದ ಏನ್ರಿ?"

ಹುಡುಗನ ತಾಯಿ ಸೆರಗಿನಿಂದ ಕಣ್ಣೊರೆಸಿಕೊಳ್ಳುವವರೆಗೆ ನಕ್ಕರು. ಸುಧಾ ಬಾಗಿಲ ಮರೆಯಿಂದ ಈಚೆ ಬಂದಳು. ಸಂಬಂಧ ಗಟ್ಟಿಯಾಯಿತು, ಸಕ್ಕರೆ ಹಂಚಿದೆವು.

ಹೊರಡುವ ಮುಂಚೆ ಹುಡುಗನ ತಂದೆ ನನ್ನನ್ನು ಬೇವಿನ ಗಿಡದ ಕಡೆಗೆ ಕರೆದೊಯ್ದರು. "ಬೀಗ್ರೇ, ನನಗೂ ಒಂದು ರಿವಾಲ್ವರ್ ತೊಗೋಬೇಕಂತ ಭಾಳ ದಿನದ ಆಸೆ. ಆದ್ರ ವೈರೀನೇ ಸಿಗವಲ್ರು. ನೀವು ಆಗ್ತೀರೇನು?" ಅಂದರು. ಮಗಳ ಮಾವ ಬಾಯಿ ಬಿಟ್ಟು ಕೇಳಿದ ಮೇಲೆ ಇಲ್ಲ ಅನ್ನಲಾದೀತೇ? ಆಗಲಿ ಅಂದೆ. ಅವರ ಮುಖ ಅರಳಿತು. "ಹಂಗಾದ್ರ ನೀವು ಹೇಳಿದಂಗ ಎಂಟರದೇ ತೊಗೊಂಡುಬಿಡ್ತೀನಿ."

ನಾನು ಬಸವರಾಜ ದೂರದಲ್ಲಿದ್ದಾನೆಂದು ಖಾತ್ರಿ ಮಾಡಿಕೊಂಡು ಅವರ ಕೈ ಹಿಡಿದೆ. "ಬ್ಯಾಡ್ರಿ ಬೀಗ್ರೇ. ಎಂಟರದು ಭಾಳ ಭಾರ, ಪ್ಯಾಂಟ್ ಜಗ್ತದ. ಆರೂ ಹೆಚ್ಚೇ ಆಯ್ತು. ನಾ ಒಬ್ಬಾಂವಗ ಎಷ್ಟು ಬೇಕ್ರಿ?"