ಮಾವನ ಮುನ್ಸೀಫ್ ಮೇಜು

ನಮ್ಮ ಸೋದರಮಾವ ಕಾನೂನು ಓದದೆ, ಪರೀಕ್ಷೆ ಕಟ್ಟದೆ, ಬರೀ ಒಂದು ಮೇಜು ಕೊಂಡು ನ್ಯಾಯಾಧೀಶರಾದವರು!

ಮೂವತ್ತರ ದಶಕದ ಕೊನೆ. ಗಡಿಯಾಚೆಯಿಂದ ಮುಳಬಾಗಿಲಿಗೆ ಗಾಡಿಯಲ್ಲಿ ಹಳೇ ಸಾಮಾನು ತಂದ ಮುದುಕನೊಬ್ಬ, "ಮುನಸಬುಗಾರಿ ಬಲ್ಲ" ಎಂದು ತೆಲುಗಿನಲ್ಲಿ ಹೇಳಿ, ಇಳಿಜಾರು ಹಲಗೆಯ ಮೇಜು, ಹಿತ್ತಾಳೆಯ ಮಸಿಕುಡಿಕೆ, ರೂಲುದೊಣ್ಣೆ ಎಲ್ಲವನ್ನೂ ಮಾವನಿಗೆ ಮಾರಿಹೋದ. ಬಲ್ಲ ಎಂದರೆ ಮೇಜು; ಮಾವನ ಕಿವಿಗೆ ಅದು ಮುನ್ಸೀಫರ ಮೇಜು! ಮಾವ ಅಂದಿನಿಂದ ಕೋಟು ತೊಡದೆ ಅದರ ಮುಂದೆ ಕೂರಲಿಲ್ಲ.

ಆ ಮನೆಯ ಮಾತು ತೆಲುಗು, ಬರವಣಿಗೆ ಕನ್ನಡ. ಸಂಭಾಷಣೆಯನ್ನು ಕನ್ನಡದಲ್ಲೇ ವರದಿ ಮಾಡುತ್ತೇನೆ.

"ಏನ್ರೀ, ಬೇಳೆ ತೀರಿದೆ. ಅಂಗಡಿಗೊಂದು ಚೀಟಿ ಬರ್ಕೊಡಿ" ಎಂದರು ಅತ್ತೆ.

"ಎಷ್ಟು ಜನರ ಹಣೆಬರಹ ಬರೆದ ಮೇಜು ಗೊತ್ತೇನೇ ಇದು? ಇದರ ಮೇಲೆ ಬೇಳೆ ಬರೀಲಾ?"

"ಹಾಗಾದ್ರೆ ತೀರ್ಪನ್ನೇ ಬೇಯಿಸಿ ಬಡಿಸ್ತೀನಿ!"

ನಗಲಾರದ ಸಂಗತಿ ಒಂದಿತ್ತು. ಅತ್ತೆ ಸ್ಲೇಟಿನ ಮೇಲೆ ತಿದ್ದಿ ತಿದ್ದಿ ಅಕ್ಷರ ಕಲಿತಿದ್ದರು. ಯಲ್ದೂರಿಗೆ ಕೊಟ್ಟ ಮಗಳಿಗೆ ಒಂದು ಸಾಲಾದರೂ ತಮ್ಮ ಕೈಯಾರೆ ಬರೆಯಬೇಕು ಎಂಬುದೊಂದೇ ಅವರ ಆಸೆ.

"ಅಡುಗೆಮನೆ ತೆಲುಗನ್ನ ಸೊಟ್ಟ ಕನ್ನಡ ಅಕ್ಷರದಲ್ಲಿ, ಅದೂ ಮುನ್ಸೀಫರ ಮೇಜಿನ ಮೇಲೆ? ಅರ್ಜಿ ವಜಾ!"

ಕಾಗದವನ್ನು ಮಾವನೇ ಬರೆಯುತ್ತಿದ್ದರು: "ನಿನ್ನ ತಾಯಿಯು ತಾನು ಕ್ಷೇಮವೆಂದು ಅರಿಕೆ ಮಾಡಿಕೊಂಡಿರುತ್ತಾಳೆ. ಪರಿಶೀಲಿಸಲಾಗಿದೆ." ಮಗಳು ಗಾಬರಿಯಿಂದ ಮರುಟಪಾಲಿನಲ್ಲೇ ಕೇಳಿದಳು, "ಯಾರ ಮೇಲೆ ಯಾರು ದಾವಾ ಹಾಕಿದ್ದಾರೆ?"

ನಾನು ರಜೆಗೆ ಹೋಗಿದ್ದಾಗ ಆ ಮುದುಕ ಮತ್ತೆ ಬಂದ. ಪತ್ರಿಕೆಯಲ್ಲಿ ಕೆಲಸ ಮಾಡುವವನ ಚಟ ಬಿಟ್ಟೀತೆ? "ಇದು ಯಾವ ಊರ ಕೋರ್ಟಿನದು?" ಎಂದು ಕೇಳಿಯೇಬಿಟ್ಟೆ.

"ಕೋರ್ಟೆಲ್ಲಿ ಬಂತು ಸ್ವಾಮಿ? ನಮ್ಮ ತಾತ ಊರ ಮುನಸಬು. ನಿಮ್ಮ ಕಡೆ ಪಟೇಲ ಅಂತೀರಲ್ಲ, ಅದು!"

ಆಚೆಯ ಮುನಸಬು ಈಚೆಗೆ ಬರುವಷ್ಟರಲ್ಲಿ ಮುನ್ಸೀಫರಾಗಿಬಿಟ್ಟಿದ್ದರು! ಆದರೆ ಮಾವನ ಮುಖ ನೋಡಿ ನನಗೆ ನಗು ಬರಲಿಲ್ಲ. ಮುದುಕನಿಗೆ ಇದರ ಪರಿವೆಯೇ ಇಲ್ಲ.

"ಊರೋರ ಕಾಗದವೆಲ್ಲಾ ತಾತನೇ ಬರೀತಿದ್ದ. ಹೆಂಗಸರು ಅಳ್ತಾ ಹೇಳಿದ್ರೆ ಹೇಳಿದ ಹಾಗೇ ಬರೀತಿದ್ದ. ಒಂದು ಮಾತೂ ಬದಲಾಯಿಸ್ತಿರಲಿಲ್ಲ."

ಮುದುಕ ಹೋದ ಮೇಲೆ ಮಾವ ಮೇಜಿನ ಮುಂದಿನಿಂದ ಎದ್ದರು. ಅತ್ತೆಗೆ ಜಾಗ ಬಿಟ್ಟು, "ಬಾರೇ, ಕೂತ್ಕೋ" ಎಂದರು.

ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಕೂತರು. ಅರ್ಧ ಗಂಟೆಯಲ್ಲಿ ಒಂದೇ ಸಾಲು: "ಎಪುಡೊಸ್ತಾವಮ್ಮ." ಯಾವಾಗ ಬರ್ತೀಯಮ್ಮ ಎಂದು. ಪಕಾರದ ಒತ್ತು ಬಿಟ್ಟುಹೋಗಿತ್ತು.

ಹಿಂದೆ ನಿಂತಿದ್ದ ಮಾವ ಅದನ್ನು ನೋಡಿದರು. ತಿದ್ದಲಿಲ್ಲ. ಬಗ್ಗಿ, ಹಸಿ ಮಸಿಯ ಮೇಲೆ ಒತ್ತುಕಾಗದವಿಟ್ಟು ಮೆಲ್ಲಗೆ ಒತ್ತಿದರು.