ಭಾವನ ತಟ್ಟುಕೋಲು

ನಮ್ಮ ಭಾವನ ಪ್ರಕಾರ ಈ ಲೋಕದಲ್ಲಿ ಇರುವುದು ಎರಡೇ ಜಾತಿ: ಬಿಗಿಯಾಗಿ ಸುತ್ತಿದ್ದು ಮತ್ತು ಸಡಿಲವಾಗಿ ಸುತ್ತಿದ್ದು. ಕಾಗದದ ರೋಲು, ಚಾಪೆ, ಹಾಸಿಗೆ, ಚಕ್ಕುಲಿ, ಮದುಮಗನ ಪೇಟ, ಕೊನೆಗೆ ಮನುಷ್ಯರು, ಎಲ್ಲವನ್ನೂ ಅವರು ಈ ಎರಡರಲ್ಲಿ ಒಂದಕ್ಕೆ ಸೇರಿಸಿಬಿಡುತ್ತಾರೆ. ನಾನು ಯಾವ ಜಾತಿ ಎಂದು ಕೇಳುತ್ತೀರಾ? ಅದು ನನ್ನ ಮದುವೆಗೆ ಮೊದಲೇ ತೀರ್ಮಾನವಾಗಿಹೋಗಿದೆ.

ಭಾವ ಎಂದರೆ ನನ್ನ ಹೆಂಡತಿಯ ಅಣ್ಣ. ಭದ್ರಾವತಿಯ ಒಂದು ಕಾಗದದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಅಲ್ಲಿ ಅವರ ಕೆಲಸ ಯಂತ್ರದಿಂದ ಇಳಿದ ಆಳೆತ್ತರದ ರೋಲುಗಳನ್ನು ಗೇಣುದ್ದದ ತೇಗದ ಕೋಲಿನಿಂದ ಈ ತುದಿಯಿಂದ ಆ ತುದಿಯವರೆಗೆ ತಟ್ಟುತ್ತ ಹೋಗಿ ಸದ್ದು ಕೇಳುವುದು. ‘ಠಣ್’ ಎಂದರೆ ಸುತ್ತು ಬಿಗಿ, ಲಾರಿಗೆ ಹಾಕಬಹುದು. ‘ಡೊಬ್’ ಎಂದರೆ ಒಳಗೆಲ್ಲೋ ಸಡಿಲ, ಬಿಚ್ಚಿ ಮತ್ತೆ ಸುತ್ತಬೇಕು. ಕಾರ್ಖಾನೆ ಬಿಟ್ಟರೂ ಕೋಲು ಅವರನ್ನು ಬಿಡಲಿಲ್ಲ. ಪೆನ್ನು ಮರೆತು ಮನೆಯಿಂದ ಹೊರಡುತ್ತಾರೆ, ಕನ್ನಡಕ ಮರೆತು ಹೊರಡುತ್ತಾರೆ, ಕೋಲು ಮಾತ್ರ ಕೈಚೀಲದಲ್ಲಿ ಇದ್ದೇ ಇರುತ್ತದೆ.

ಭದ್ರಾವತಿಯ ಜನ್ನಾಪುರದ ಅವರ ಮನೆಗೆ ನಾನು ಹೆಣ್ಣು ನೋಡಲು ಹೋದ ದಿನ. ಹೊಸ ಶರ್ಟು ಹಾಕಿಕೊಂಡು, ಹೊಟ್ಟೆ ಒಳಗೆಳೆದುಕೊಂಡು, ಉಸಿರು ಬಿಡದೆ ಕುಳಿತಿದ್ದೆ. ಹಿಂದಿನಿಂದ ಯಾರೋ ಬಂದು ನನ್ನ ಬೆನ್ನಿನ ನಡುವೆ ಕೋಲಿನಿಂದ ತಟ್ಟಿದರು. ಎಳೆದುಕೊಂಡಿದ್ದ ಹೊಟ್ಟೆಯೆಲ್ಲ ಹೊರಗೆ ಬಂತು. ತಟ್ಟಿದವರು ಕಿವಿ ಬಗ್ಗಿಸಿ ಒಂದು ಗಳಿಗೆ ಆಲಿಸಿ, ತಮ್ಮ ತಂದೆಗೆ ವರದಿ ಒಪ್ಪಿಸಿದರು:

“ಅಪ್ಪಾ, ಹುಡುಗ ಸ್ವಲ್ಪ ಸಡಿಲ. ನಡೆಯುತ್ತೆ.”

ನಮ್ಮಮ್ಮನ ಮುಖ ಕೆಂಪಗಾಯಿತು. ಆದರೆ ಅಡುಗೆಮನೆಯ ಬಾಗಿಲ ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಆ ನಗುವಿಗೆ ನಾನು ಅಲ್ಲೇ ಒಪ್ಪಿಗೆ ಕೊಟ್ಟೆ. ನಕ್ಕವಳು ಈಗಲೂ ನಮ್ಮ ಮನೆಯಲ್ಲೇ ಇದ್ದಾಳೆ, ನನ್ನನ್ನು ನೋಡಿ ಇನ್ನೂ ನಗುತ್ತಾಳೆ.

ನಾನು ಸಡಿಲ ಎಂಬುದರಲ್ಲಿ ಅನುಮಾನವೇನೂ ಬೇಡ. ವಿಮೆ ಏಜೆಂಟಾದೆ, ನಮ್ಮ ಮನೆಯವರೂ ವಿಮೆ ಮಾಡಿಸಲಿಲ್ಲ. ಪಟಾಕಿ ಅಂಗಡಿ ಇಟ್ಟೆ, ದೀಪಾವಳಿಯಲ್ಲಿ ಮಳೆ ಬಂತು. ಟ್ಯೂಷನ್ ಹೇಳಿದೆ, ಮಕ್ಕಳೆಲ್ಲ ಒಂದೇ ವಿಷಯದಲ್ಲಿ ಫೇಲಾದರು, ನಾನು ಹೇಳಿಕೊಟ್ಟ ವಿಷಯದಲ್ಲಿ! ಕೊನೆಗೆ ಕೈ ಹಿಡಿದದ್ದು ಶಿವಮೊಗ್ಗದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯ ಈ ಕಾಗದದ ಅಂಗಡಿ. ದೊಡ್ಡ ರೋಲು ತರಿಸಿ, ಹೋಟೆಲು ಮತ್ತು ಮೆಡಿಕಲ್ ಶಾಪುಗಳ ಬಿಲ್ಲಿನ ಮಷೀನಿಗೆ ಹಿಡಿಯುವಷ್ಟು ಸಣ್ಣ ಸಣ್ಣ ರೋಲು ಸುತ್ತಿ ಕೊಡುವುದು ನನ್ನ ಕಸುಬು. ಅಂಚಿನಲ್ಲಿ ಸಾಲಾಗಿ ತೂತಿರುವ, ಒಂದಕ್ಕೊಂದು ಅಂಟಿಕೊಂಡು ಗಜಗಟ್ಟಲೆ ಬರುವ ಕಂಪ್ಯೂಟರ್ ಹಾಳೆಗಳನ್ನೂ ಮಾರುತ್ತೇನೆ. ಎಲ್ಲ ಕೈಕೆಲಸ. ಎಡಗೈಯಲ್ಲಿ ಕಾಗದ ಬಿಗಿ ಹಿಡಿದು ಬಲಗೈಯಲ್ಲಿ ಸುತ್ತುವ ರಾಟೆಯ ಹಿಡಿ ತಿರುಗಿಸಬೇಕು. ಈ ವಯಸ್ಸಿನಲ್ಲಿ ನನಗೆ ಬರುವ ಕೆಲಸ ಇದೊಂದೇ. ಬಾಗಿಲ ಮೇಲೆ ‘ಪ್ರೊಪ್ರೈಟರ್’ ಎಂದು ಬರೆಸಿ ಅದರ ಕೆಳಗೆ ನನ್ನ ಹೆಸರು ಹಾಕಿಸಿದ್ದೇನೆ. ಬೆಳಿಗ್ಗೆ ಷಟರ್ ಎತ್ತುವಾಗ ಅದನ್ನೊಮ್ಮೆ ಓದಿಕೊಳ್ಳದಿದ್ದರೆ ನನಗೆ ದಿನ ಶುರುವಾಗುವುದಿಲ್ಲ.

ಪ್ರತಿ ಶನಿವಾರ ಭದ್ರಾವತಿ ಬಸ್ಸಿಂದ ಇಳಿದು ಭಾವ ನೇರ ಅಂಗಡಿಗೆ ಬರುತ್ತಾರೆ. ಟೀ ಬರುವ ಮೊದಲೇ ಕೋಲು ಹೊರಗೆ ಬಂದು ನನ್ನ ರೋಲುಗಳ ಪರೀಕ್ಷೆ ನಡೆಯುತ್ತದೆ, ಅದೂ ಗಿರಾಕಿಗಳ ಎದುರಿಗೆ!

“ಮಾರಾಯ್ರೆ, ಇದು ರೋಲಾ, ಕೊಟ್ಟೆ ಕಡುಬಾ?”

“ಭಾವ, ಗಿರಾಕಿ ಇದ್ದಾರೆ.”

“ಇರ್ಲಿ ಬಿಡಿ. ಅವರೂ ಕೇಳಿಸ್ಕೊಳ್ಳಿ.” ಡೊಬ್.

ನಿವೃತ್ತರಾದ ಮೇಲೆ ಅವರಿಗೆ ಇನ್ನೊಂದು ಹುಚ್ಚು ಹತ್ತಿತು. ಕಾಗದದ ರೋಲನ್ನು ಬಿಚ್ಚುವ, ಸುತ್ತುವ, ಹರಿಯುವ ಯಂತ್ರಗಳನ್ನು ಕಂಡುಹಿಡಿಯುವುದು. ಒಮ್ಮೆ ಇಬ್ಬರೂ ಭದ್ರಾವತಿಯಿಂದ ಬಸ್ಸಿನಲ್ಲಿ ಬರುತ್ತಿದ್ದೆವು. ಕಂಡಕ್ಟರರ ಟಿಕೆಟ್ ಮಷೀನಿನಲ್ಲಿ ಕಾಗದ ಸಿಕ್ಕಿಕೊಂಡಿತು. ಅವರು ಮಷೀನನ್ನು ತೊಡೆಗೆ ಕುಟ್ಟುವುದನ್ನು ನೋಡಿ ಭಾವನ ಜೀವ ತಡೆಯಲಿಲ್ಲ. “ಕೊಡಿ ಇಲ್ಲಿ” ಎಂದು ಇಸಿದುಕೊಂಡು, ಕೈಚೀಲದಿಂದ ಸೈಕಲ್ ಕಡ್ಡಿ ಬಗ್ಗಿಸಿ ಮಾಡಿದ ಒಂದು ಕ್ಲಿಪ್ಪು ತೆಗೆದು, ಒಳಗೆ ಸಿಕ್ಕಿಸಿ ಗುಂಡಿ ಒತ್ತಿದರು. ಕಾಗದ ಬಂತು. ಬಂತು ಬಂತು, ಬರುತ್ತಲೇ ಇತ್ತು! ಮೂರನೇ ಸೀಟಿನ ಅಜ್ಜಿಯ ತಲೆ ದಾಟಿ, ಹಿಂದಿನ ಸೀಟಿನ ಶಂಕರಘಟ್ಟದ ವಿದ್ಯಾರ್ಥಿಗಳ ಕೈಗೆ ತಲುಪಿತು.

“ಯಜಮಾನ್ರೆ, ನಿಲ್ಸಿ ಇದನ್ನ” ಎಂದರು ಕಂಡಕ್ಟರು.

“ನಿಲ್ಸೋದು ಇನ್ನೂ ಕಂಡುಹಿಡಿದಿಲ್ಲ” ಎಂದರು ಭಾವ. “ಓಡೋದು ಹೆಂಗಿದೆ ನೋಡಿ.”

ಇಷ್ಟು ಹೊತ್ತೂ ನಾನು ಕಿಟಕಿಯ ಕಡೆ ತಿರುಗಿ, ಇವರಾರೋ ನನಗೆ ಗೊತ್ತೇ ಇಲ್ಲ ಎಂಬಂತೆ ಕುಳಿತಿದ್ದೆ. ಭಾವ ನನ್ನ ಭುಜ ಹಿಡಿದು ಬಸ್ಸಿಗೆಲ್ಲ ಪರಿಚಯಿಸಿದರು: “ಇವರು ನಮ್ಮ ತಂಗಿ ಯಜಮಾನ್ರು. ರೋಲಿನ ಅಂಗಡಿ ಇದೆ. ನಾಳೆ ನಿಮಗೆ ಹೊಸ ರೋಲು ತಂದ್ಕೊಡ್ತಾರೆ.” ಕೊಟ್ಟೆ. ನಾನು ಸುತ್ತಿದ ರೋಲಲ್ಲವೇ? ಮಾರನೆಯ ದಿನವೇ ಸಿಕ್ಕಿಕೊಂಡಿತಂತೆ. ಅಂದಿನಿಂದ ಆ ಕಂಡಕ್ಟರು ಸ್ಟಾಪಿನಲ್ಲಿ ನನ್ನನ್ನು ಕಂಡರೆ ರೈಟ್ ಕೊಟ್ಟುಬಿಡುತ್ತಾರೆ.

ಇನ್ನೊಂದು ಯಂತ್ರದ ಕಥೆ ಹೇಳಲು ನನಗೆ ನಾಚಿಕೆ, ಆದರೂ ಹೇಳುತ್ತೇನೆ. ಹೊಳಲೂರಿನ ಕಡೆಯ ಒಂದು ಸಂಘದವರು ಅಂಟಿಕೊಂಡ ಹಾಳೆಗಳಲ್ಲಿ ಸದಸ್ಯರ ನೋಟೀಸು ಅಚ್ಚು ಮಾಡಿಸಿ, ಒಂದೊಂದಾಗಿ ಹರಿದು ಕೊಡಿ ಎಂದರು. ನಾನು ಹರಿದರೆ ಹಾಳೆಯ ಜೊತೆ ಸದಸ್ಯರ ಹೆಸರೂ ಅರ್ಧ ಹರಿಯುತ್ತದೆ. ಭಾವನಿಗೆ ವಿಷಯ ತಿಳಿಯಿತು. ಪಕ್ಕದ ವೆಲ್ಡಿಂಗ್ ಅಂಗಡಿಯ ರಹಮತ್ ಭಾಯ್ ಜೊತೆ ಕುಳಿತು, ಗ್ರೈಂಡರಿನ ಮೋಟರು, ಸೈಕಲ್ ಚೈನು, ನನ್ನ ಹೆಂಡತಿಯ ಎರಡು ಲಟ್ಟಣಿಗೆ ಸೇರಿಸಿ ಹಾಳೆ ಹರಿಯುವ ಯಂತ್ರ ಮಾಡಿದರು. ಉದ್ಘಾಟನೆಗೆ ಸಂಘದ ಕಾರ್ಯದರ್ಶಿಯೂ ಬಂದರು. ಪ್ರೊಪ್ರೈಟರ್ ಆದ ನಾನು ಬಿಳಿ ಪಂಚೆ ಉಟ್ಟು ಯಂತ್ರದ ಮುಂದೆ ನಿಂತು ಎರಡು ಮಾತಾಡಲು ಶುರು ಮಾಡಿದೆ. “ಈ ಶುಭ ಸಂದರ್ಭದಲ್ಲಿ” ಎನ್ನುವಷ್ಟರಲ್ಲಿ ಪಂಚೆಯ ತುದಿ ಲಟ್ಟಣಿಗೆಗಳ ನಡುವೆ ಹೋಯಿತು. ಮುಂದಿನದು ನನಗೆ ಸರಿಯಾಗಿ ನೆನಪಿಲ್ಲ, ನೋಡಿದವರಿಗೆ ಚೆನ್ನಾಗಿ ನೆನಪಿದೆ. ರಹಮತ್ ಭಾಯ್ ಓಡಿಬಂದು ಪ್ಲಗ್ ಕಿತ್ತರು.

“ಪುಣ್ಯಕ್ಕೆ ಒಳಗೆ ಚಡ್ಡಿ ಇತ್ತು ಭಾಯ್” ಎಂದರು.

ಭಾವ ನನ್ನ ಕಡೆ ನೋಡಲೇ ಇಲ್ಲ. ಯಂತ್ರದ ಆ ಕಡೆ ಬಿದ್ದಿದ್ದ ಪಂಚೆಯ ತುಂಡುಗಳನ್ನು ಆರಿಸಿ, ಒಂದರ ಮೇಲೊಂದು ಇಟ್ಟು, ಪಟ್ಟಿ ಹಿಡಿದು ಅಳೆದರು. “ನೋಡಿ ಕಾರ್ಯದರ್ಶಿಗಳೆ, ನಿಮ್ಮ ಹಾಳೆ ಅಳತೆಗೇ, ಹನ್ನೊಂದು ಇಂಚಿಗೊಂದು. ಒಂದು ನೂಲೂ ಹೆಚ್ಚು ಕಮ್ಮಿ ಇಲ್ಲ.”

ಇನ್ನು ನನ್ನ ಗುಟ್ಟಿನ ವಿಷಯ. ಹೋದ ವರ್ಷ ನನ್ನ ಬಲಗೈ ಕೈಕೊಡಲು ಶುರು ಮಾಡಿತು. ಹೆಬ್ಬೆರಳು, ಪಕ್ಕದ ಎರಡು ಬೆರಳು ಹಿಡಿತಕ್ಕೆ ಬರುತ್ತಿರಲಿಲ್ಲ. ಹಿಡಿ ತಿರುಗಿಸುವಾಗ ನಡುವೆ ಜಾರಿ ನಿಂತುಬಿಡುತ್ತಿತ್ತು. ನನಗೆ ಭಯವಾಯಿತು, ಬಹಳ ಭಯವಾಯಿತು. ಕೈ ಹೋದರೆ ರೋಲಿಲ್ಲ, ರೋಲಿಲ್ಲದಿದ್ದರೆ ಅಂಗಡಿ ಇಲ್ಲ, ಅಂಗಡಿ ಇಲ್ಲದಿದ್ದರೆ ನಾನು ಯಾರು? ಬುದ್ಧಿ ಇದ್ದವರು ಡಾಕ್ಟರ ಹತ್ತಿರ ಹೋಗುತ್ತಾರೆ. ನಾನು ನಾಟಕ ಶುರು ಮಾಡಿದೆ. ಮನೆಯಲ್ಲಿ ಎಡಗೈಗೆ ಚಮಚ ಬಂತು.

“ಇದೇನ್ರೀ, ಇಡ್ಲಿಗೆ ಚಮಚ?” ಎಂದಳು ಹೆಂಡತಿ.

“ಈಗೆಲ್ಲ ಹೀಗೇ ತಿನ್ನೋದು.”

“ಸಾರಿಗೂ?”

“ಸಾರಿಗೂ.”

“ದೊಡ್ಡ ಮನುಷ್ಯರಾಗಿಬಿಟ್ರಿ” ಎಂದು ನಕ್ಕಳು. ನನ್ನ ಅಭಿನಯದ ಬಗ್ಗೆ ನನಗೇ ಹೆಮ್ಮೆಯಾಯಿತು. ಅಂಗಡಿಯಲ್ಲಿ ಯಾರೂ ಇಲ್ಲದಾಗ ಎರಡೂ ಕೈಯಿಂದ ಹಿಡಿ ತಿರುಗಿಸಿ ಹೇಗೋ ಸುತ್ತುತ್ತಿದ್ದೆ. ಕಾಗದ ಹಿಡಿಯಲು ಮೂರನೇ ಕೈ ಇಲ್ಲದ್ದರಿಂದ ಅದನ್ನು ಗಲ್ಲದ ಕೆಳಗೆ ಒತ್ತಿ ಹಿಡಿಯುತ್ತಿದ್ದೆ. ಸುತ್ತು ಹೇಗೆ ಬರುತ್ತಿತ್ತು ಎಂದು ನೀವೇ ಊಹಿಸಿಕೊಳ್ಳಿ. ಇಬ್ಬರು ಹೋಟೆಲಿನವರು ರೋಲು ವಾಪಸ್ಸು ತಂದರು. ಕಾಗದವೇ ಸರಿ ಬರುತ್ತಿಲ್ಲ ಎಂದು ಸುಳ್ಳು ಹೇಳಿ ಕಳಿಸಿದೆ.

ಭಾವನ ಶನಿವಾರ ಬಂತು. ಕೋಲು ತೆಗೆದು ತಟ್ಟಿದರು. ಡೊಬ್. ಬೈಗುಳಕ್ಕೆ ನಾನು ಸಿದ್ಧನಾಗಿ ನಿಂತೆ. ಬೈಯಲಿಲ್ಲ. ಇನ್ನೊಂದು ತಟ್ಟಿದರು, ಮತ್ತೊಂದು ತಟ್ಟಿದರು, ಕಪಾಟಿನಲ್ಲಿದ್ದ ಹಳೆಯ ಮಾಲನ್ನೂ ಇಳಿಸಿ ತಟ್ಟಿದರು. ನನ್ನ ಮುಖ ನೋಡಿದರು. ಕೋಲನ್ನು ಚೀಲಕ್ಕೆ ಹಾಕಿ, ಟೀ ಪೂರ್ತಿ ಕುಡಿಯದೆ ಎದ್ದು ಹೋದರು. ಮುಂದಿನ ಶನಿವಾರವೂ ಹಾಗೆಯೇ. ನಾನು ಮನೆಗೆ ಬಂದು ಬಹಳ ಮರುಕದಿಂದ ಹೆಂಡತಿಗೆ ಹೇಳಿದೆ: “ಪಾಪ, ನಿಮ್ಮಣ್ಣಂಗೆ ಕಿವಿ ಹೋಗಿದೆ ಕಣೆ.”

ಮೂರನೆಯ ಶನಿವಾರ ಗೋಣಿಚೀಲದಲ್ಲಿ ಸುತ್ತಿದ ಒಂದು ಯಂತ್ರ ಹೊತ್ತು ಬಂದರು. ರೋಲು ಸುತ್ತುವ ಯಂತ್ರ. ಕಾಗದ ಬಿಗಿ ಹಿಡಿಯಲು ತಕ್ಕಡಿಯ ಬಟ್ಟು ಕಟ್ಟಿದ ಒಂದು ಪಟ್ಟಿ, ಹಿಡಿ ಎಡಗಡೆ, ಬಲಗಡೆ ಮೆತ್ತನೆಯ ಬಟ್ಟೆ ಹೊಲಿದ ಒಂದು ಸಣ್ಣ ಹಲಗೆ. ನಾನು ನೋಡಿದವನೇ ನಕ್ಕೆ.

“ಭಾವ, ಹಿಡಿ ತಪ್ಪು ಕಡೆ ಹಾಕಿದೀರಿ.”

“ಹೌದಾ?” ಎಂದರು ಭಾವ. “ತಪ್ಪಾಯ್ತು ಮಾರಾಯ್ರೆ. ವೆಲ್ಡಿಂಗ್ ಆಗ್ಹೋಗಿದೆ, ಇನ್ನು ಬಿಚ್ಚೋಕಾಗಲ್ಲ. ಹಂಗೇ ರೂಢಿ ಮಾಡ್ಕೊಳಿ.”

“ಈ ಹಲಗೆ ಯಾಕೆ?”

“ಏನಾದ್ರೂ ಇಡೋಕೆ.”

ನಾನು ಅದರ ಮೇಲೆ ಟೀ ಲೋಟ ಇಟ್ಟೆ. ಎರಡು ವಾರ ಇಟ್ಟೆ! ಎಡಗೈಯಲ್ಲಿ ಸುಖವಾಗಿ ಹಿಡಿ ತಿರುಗಿಸುತ್ತ, ಬಂದ ಗಿರಾಕಿಗಳಿಗೆಲ್ಲ, “ನೋಡಿ, ನಮ್ಮ ಭಾವನ ಹೊಸ ಯಂತ್ರ, ಎಡ ಯಾವುದು ಬಲ ಯಾವುದು ಗೊತ್ತಾಗಲ್ಲ ಅವರಿಗೆ” ಎಂದು ತೋರಿಸಿ ನಗಿಸಿದೆ. ಗುಟ್ಟು ಉಳಿಯಿತು, ಅಂಗಡಿಯೂ ಉಳಿಯಿತು, ಎಲ್ಲ ನನ್ನ ಅದೃಷ್ಟ ಎಂದುಕೊಂಡೆ. ಒಂದು ದಿನ ರಹಮತ್ ಭಾಯ್ ಎದುರಿಗೂ ಅದೇ ಹೇಳಿದೆ. ಅವರು ನಗಲಿಲ್ಲ. ವೆಲ್ಡಿಂಗ್ ಕನ್ನಡಕ ಹಣೆಗೇರಿಸಿದರು.

“ತಪ್ಪಾ? ನಾನು ಬಲಗಡೆನೇ ಹಾಕಿದ್ದೆ ಭಾಯ್. ಕಟ್ ಮಾಡಿಸಿ ಎಡಗಡೆ ಹಾಕಿಸಿದ್ರು. ‘ನಮ್ಮ ತಂಗಿ ಯಜಮಾನ್ರ ಸುತ್ತು ಮೊದಲು ಒಂದೇ ಥರ ಸಡಿಲ ಇರ್ತಿತ್ತು, ಈಗ ಸುತ್ತಿಗೊಂದು ಕಡೆ ಸಡಿಲ, ಅವರ ಬಲಗೈಗೆ ಏನೋ ಆಗಿದೆ’ ಅಂದ್ರು. ಯಾರಿಗೂ ಹೇಳ್ಬೇಡ, ಅವರಿಗೂ ಹೇಳ್ಬೇಡ ಅಂದ್ರು. ಆ ಹಲಗೆ ಕೈಗೆ, ಭಾಯ್. ಸೋತ ಕೈ ಇಟ್ಕೊಳ್ಳೋಕೆ. ಮನೆಯಿಂದ ದಿಂಬು ತಂದು ಕೂತು ಹೊಲಿದ್ರು.”

ನಾನು ಅಂಗಡಿಗೆ ಬಂದೆ. ಹಲಗೆಯ ಬಟ್ಟೆಯ ಮೇಲೆ ಟೀ ಲೋಟದ ದುಂಡನೆಯ ಕಲೆಗಳು ಒಂದರ ಮೇಲೊಂದು ಬಿದ್ದಿದ್ದವು. ಒದ್ದೆ ಬಟ್ಟೆಯಿಂದ ಉಜ್ಜಿದೆ, ಹೋಗಲಿಲ್ಲ. ಬಲಗೈಯನ್ನು ಅದರ ಮೇಲಿಟ್ಟೆ. ಮೊಣಕೈಯಿಂದ ಬೆರಳ ತುದಿಯವರೆಗೆ ಅಳತೆ ಸರಿಯಾಗಿತ್ತು. ನನ್ನ ಕೈ ಯಾವಾಗ ಅಳೆದರೋ ಗೊತ್ತಿಲ್ಲ. ಷಟರ್ ಅರ್ಧ ಎಳೆದುಕೊಂಡು ಅತ್ತೆ.

ಶನಿವಾರ ಭಾವ ಬಂದರು. ಅಂದು ನಾನು ಟೀ ಲೋಟವನ್ನು ಕಿಟಕಿಯಲ್ಲಿಟ್ಟಿದ್ದೆ, ಕೈಯನ್ನು ಹಲಗೆಯ ಮೇಲಿಟ್ಟಿದ್ದೆ. ಅವರು ಅದನ್ನು ನೋಡಿದರು. ಕೋಲು ತೆಗೆದು, ಎಡಗೈಯಲ್ಲಿ ನಾನು ಸುತ್ತಿದ ರೋಲೊಂದನ್ನು ತಟ್ಟಿದರು.

ಠಣ್.

“ಬಿಗಿ ಇದೆ” ಎಂದರು. ಮದುವೆಯಾದಾಗಿನಿಂದ ಅವರ ಬಾಯಲ್ಲಿ ನನ್ನ ಕೆಲಸಕ್ಕೆ ಈ ಮಾತು ಬಂದದ್ದು ಇದೇ ಮೊದಲು. ಆಮೇಲೆ ಕೋಲಿನ ಕಡೆಯೇ ನೋಡುತ್ತ, “ಸೋಮವಾರ ಡಾಕ್ಟರ್ ಹತ್ರ ಹೋಗೋಣ. ನಾನೂ ಬರ್ತೀನಿ” ಎಂದರು.

ಏನಾದರೂ ಹೇಳಬೇಕಲ್ಲ ಎಂದು, “ರೋಲು ಬಿಗಿ ಆಯ್ತು ಭಾವ. ನಾನು?” ಎಂದೆ.

ಭಾವ ಎದ್ದು ನನ್ನ ಹಿಂದೆ ಬಂದರು. ಈ ಸಲ ಕೋಲು ಚೀಲದಲ್ಲೇ ಇತ್ತು. ಅಂಗೈಯಿಂದ ಬೆನ್ನಿನ ನಡುವೆ ಒಮ್ಮೆ ಮೆಲ್ಲಗೆ ತಟ್ಟಿ, ಕಿವಿ ಬಗ್ಗಿಸಿ ಆಲಿಸಿದರು.

“ಸ್ವಲ್ಪ ಸಡಿಲ” ಎಂದರು. “ನಡೆಯುತ್ತೆ.”

ಕೈ ತೆಗೆಯಲಿಲ್ಲ. ಟೀ ಆರುವವರೆಗೂ ಹಾಗೆಯೇ ಇಟ್ಟುಕೊಂಡು ನಿಂತಿದ್ದರು.